ಇಪ್ಪತ್ತೆರಡು ಮೀಟರ್ ಆಳದಲ್ಲಿ ಬರೆದದ್ದು

ಗಿರಿ ಸತ್ತದ್ದು ಮಾರ್ಚ್ ತಿಂಗಳ ಮೊದಲ ವಾರ, ಹೂಮಳೆ ಕೈಕೊಟ್ಟ ವರ್ಷ. ಆಲ್ದೂರಿನಾಚೆ ಹೊನ್ನೆಕಾನು ಎಸ್ಟೇಟಿನಲ್ಲಿ ಅವನು ಪಂಪ್ ನೋಡಿಕೊಳ್ಳುತ್ತಿದ್ದ. ಮಳೆ ಬಾರದಿದ್ದರೆ ಕಾಫಿ ಹೂವಾಗಲು ಸ್ಪ್ರಿಂಕ್ಲರ್ ಹಾರಿಸಬೇಕು, ಅದಕ್ಕೆ ಎಸ್ಟೇಟಿನ ಕೆರೆಯಿಂದ ನೀರೆತ್ತಬೇಕು. ಕೆರೆಯ ತಳದಲ್ಲಿರುವ ಪೈಪಿನ ಬಾಯಿಗೆ ಪಾಚಿ ಕಟ್ಟಿಕೊಂಡರೆ ಯಾರಾದರೂ ಮುಳುಗಿ ಬಿಡಿಸಬೇಕು. ಆ ಯಾರಾದರೂ ಯಾವಾಗಲೂ ಗಿರಿಯೇ. ಕಳಸದಲ್ಲಿ ಭದ್ರಾ ಹೊಳೆಯ ದಂಡೆಯಲ್ಲಿ ಬೆಳೆದವನು, ನೀರಿನ ಭಯ ಇರಲಿಲ್ಲ.

ಅವತ್ತು ಅವನ ತಂಗಿ ಸುಕನ್ಯಾ ಬುತ್ತಿ ತಂದಿದ್ದಳು. ಅವಳಿಗೆ ಹದಿನಾರು, ಅವನಿಗೆ ಇಪ್ಪತ್ತೆರಡು. ಎಸ್ಟೇಟಿನ ಸಾಹುಕಾರ ಪುಟ್ಟಸ್ವಾಮಿಯವರ ಮಗ ಪ್ರಶಾಂತ್ ಪಂಪಿನ ಇಂಜಿನ್ ಪಕ್ಕ ನಿಂತಿದ್ದ. ಪಕ್ಕದ ಎಸ್ಟೇಟಿನವರು ಆಗಲೇ ಎರಡು ಬ್ಲಾಕ್ ತೋಟಕ್ಕೆ ನೀರು ಹಾರಿಸಿ ಮುಗಿಸಿದ್ದಾರೆ ಎಂದು ಬೆಳಿಗ್ಗೆಯಿಂದ ಸಿಡಿಮಿಡಿ ಮಾಡುತ್ತಿದ್ದ.

"ಇನ್ನೊಂದು ಸಲ ಮುಳುಗಿ ಬರ್ತೀನಿ, ತಡೀರಿ ಸಾರ್," ಎಂದು ಗಿರಿ ನೀರಿನಿಂದ ತಲೆಯೆತ್ತಿ ಹೇಳಿದ. ಸುಕನ್ಯಾಳನ್ನು ನೋಡಿ ಹುಬ್ಬು ಹಾರಿಸಿದ. ಮುಳುಗಿದ.

"ಎಷ್ಟೊತ್ತೋ ಇವನದ್ದು," ಎಂದು ಪ್ರಶಾಂತ್ ಇಂಜಿನ್ ಸ್ಟಾರ್ಟ್ ಮಾಡಿದ.

ಪೈಪು ಒಮ್ಮೆ ನಡುಗಿತು. ಮೇಲೆ ಬರಬೇಕಾದ ಗಿರಿ ಬರಲಿಲ್ಲ. ಸುಕನ್ಯಾ ಕೂಗಿದಳು. ಪ್ರಶಾಂತ್ ಇಂಜಿನ್ ಆಫ್ ಮಾಡುವಷ್ಟರಲ್ಲಿ ಅವಳು ನೀರಿಗೆ ಹಾರಿಯಾಗಿತ್ತು. ಅರ್ಧ ದಾರಿಗೆ ಕಿವಿಯೊಳಗೆ ಮೊಳೆ ಹೊಡೆದಂತೆ ನೋವು. ಮೇಲೆ ಬಂದಳು, ಮತ್ತೆ ಹೋದಳು, ಮತ್ತೆ ಬಂದಳು. ಮೂರನೆಯ ಸಲ ಅಣ್ಣನ ಕೂದಲು ಬೆರಳಿಗೆ ತಾಗಿತು, ಅಷ್ಟೇ. ಪೈಪು ಅವನ ಬಲಗೈಯನ್ನು ಮೊಣಕೈವರೆಗೆ ಎಳೆದುಕೊಂಡಿತ್ತು.

ಸಂಜೆ ಪೊಲೀಸರು ಬಂದಾಗ ಗಿರಿಯ ಅಂಗಿಯ ಪಕ್ಕದಲ್ಲಿ ಒಂದು ಖಾಲಿ ಬ್ರಾಂದಿ ಬಾಟಲಿ ಬಿದ್ದಿತ್ತು. ಬುತ್ತಿ ತಂದಾಗ ಅದು ಅಲ್ಲಿರಲಿಲ್ಲ ಎಂದು ಸುಕನ್ಯಾ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಬಾಲರಾಜ್, "ಇಂಜಿನ್ ಅವತ್ತು ಓಡೇ ಇಲ್ಲ. ಹುಡುಗ ಕುಡಿದು ಈಜೋಕೆ ಇಳಿದಿದ್ದ," ಎಂದು ಹೇಳಿಕೆ ಕೊಟ್ಟ. ಪೋಸ್ಟ್‌ಮಾರ್ಟಮ್‌ನಲ್ಲಿ ಮುಳುಗಿ ಸತ್ತದ್ದು ಎಂದು ಬಂತು. ಉಳಿದದ್ದನ್ನು ಊರಿಗೆಲ್ಲ ಬಾಟಲಿ ಹೇಳಿತು.

ಸಾವಿಗಿಂತ ತಾಯಿ ದೇವೀರಮ್ಮನನ್ನು ತಿಂದದ್ದು ಈ ಮಾತು. ಅವಳ ಗಂಡ ಶಿವಯ್ಯ ಕುಡಿದು ಕುಡಿದೇ ಸತ್ತವನು. ಅದನ್ನು ನೋಡಿ ಬೆಳೆದ ಗಿರಿ ಮದುವೆ ಮನೆಯಲ್ಲೂ ಲೋಟ ಮುಟ್ಟುತ್ತಿರಲಿಲ್ಲ. ಈಗ ಅವರಿದ್ದ ಎಸ್ಟೇಟ್ ಆಳುಗಳ ಲೈನ್ ಮನೆಯ ಹೆಂಗಸರು, "ಅಪ್ಪನ ಚಾಳಿ ಬಿಡುತ್ತಾ," ಎಂದು ಸಮಾಧಾನ ಹೇಳುವವರಂತೆ ಹೇಳಿ ಹೋಗುತ್ತಿದ್ದರು. ತಿಂಗಳೊಳಗೆ ದೇವೀರಮ್ಮ ಮಗಳನ್ನು ಕರೆದುಕೊಂಡು ಕೊಟ್ಟಿಗೆಹಾರಕ್ಕೆ ಬಂದು, ಜಂಕ್ಷನ್ನಿನ ಒಂದು ಸಣ್ಣ ಹೋಟೆಲಿನಲ್ಲಿ ನೀರುದೋಸೆ ಹುಯ್ಯುವ ಕೆಲಸ ಹಿಡಿದಳು.

ಸುಕನ್ಯಾ ಪಿಯುಸಿ ಮುಗಿಸಿ ಚಾರ್ಮಾಡಿ ಘಾಟಿ ಇಳಿದು ಕರಾವಳಿಗೆ ಹೋದಳು. ಮೊದಲು ರೆಸಾರ್ಟೊಂದರಲ್ಲಿ ಕೋಣೆ ಗುಡಿಸುವ ಕೆಲಸ. ಅದೇ ಕಡಲತೀರದಲ್ಲಿ ದಿಲೀಪ್ ಎಂಬವನು ಸ್ಕೂಬಾ ಡೈವಿಂಗ್ ಕೇಂದ್ರ ನಡೆಸುತ್ತಿದ್ದ. ಬಿಡುವಿನಲ್ಲಿ ಅಲ್ಲಿ ಸಿಲಿಂಡರ್ ತೊಳೆಯಲು ಹೋಗುತ್ತಿದ್ದವಳು ಒಂದು ದಿನ ತಾನೂ ಕಲಿಯುತ್ತೇನೆ ಎಂದಳು. ಮೊದಲ ಪಾಠದಲ್ಲೇ ದಿಲೀಪ್, "ಕೆಳಗೆ ಹೋಗುವಾಗ ಕಿವಿ ನೋಯುತ್ತೆ. ಮೂಗು ಹಿಡಿದು ಮೆತ್ತಗೆ ಊದು, ಸರಿಹೋಗುತ್ತೆ," ಎಂದ.

ಸುಕನ್ಯಾ ಊದಿದಳು. ಸರಿಹೋಯಿತು. ಅಂದು ಸಂಜೆ ಮರಳಿನ ಮೇಲೆ ಕೂತು ಅವಳು ಅತ್ತದ್ದನ್ನು ದಿಲೀಪ್ ಉಪ್ಪುನೀರಿನ ಉರಿ ಅಂದುಕೊಂಡ. ಆ ಕೆರೆ ಇದ್ದದ್ದು ಹದಿನೈದು ಅಡಿ. ಮೂಗು ಹಿಡಿದು ಊದುವುದು ಗೊತ್ತಿದ್ದರೆ ಸಾಕಿತ್ತು.

ಆರು ವರ್ಷಗಳಲ್ಲಿ ಅವಳು ಆ ಕೇಂದ್ರದ ಅತ್ಯಂತ ನಂಬಿಕೆಯ ಗೈಡ್ ಆದಳು. ದ್ವೀಪದ ಹವಳದ ಬಂಡೆಗಳು, ಅಲ್ಲಿಂದ ಸ್ವಲ್ಪ ದೂರದಲ್ಲಿ ಇಪ್ಪತ್ತೆರಡು ಮೀಟರ್ ಆಳದಲ್ಲಿ ಒರಗಿ ಮಲಗಿದ್ದ ಹಳೆಯ ಸರಕು ಹಡಗು, ಎರಡೂ ಅವಳಿಗೆ ಲೈನ್ ಮನೆಯ ಹಿತ್ತಲಿನಷ್ಟು ಪರಿಚಯ.

ಗಿರಿ ಸತ್ತು ಹನ್ನೊಂದು ವರ್ಷ ಕಳೆದ ಮೇಲೆ, ನವೆಂಬರಿನ ಒಂದು ಬುಕಿಂಗ್ ಪಟ್ಟಿಯಲ್ಲಿ ಆ ಹೆಸರು ಬಂತು. ಪ್ರಶಾಂತ್ ಪುಟ್ಟಸ್ವಾಮಿ, ಆಲ್ದೂರು. ಜೊತೆಗೆ ಹೆಂಡತಿ ಶಾಲಿನಿ. ಅವಳಿಗೆ ಹವಳ ಮಾತ್ರ, ಅವನಿಗೆ ಹವಳ ಮತ್ತು ಹಡಗು.

"ಇವರನ್ನ ನಾನು ಕರ್ಕೊಂಡು ಹೋಗ್ತೀನಿ," ಎಂದು ಸುಕನ್ಯಾ ದಿಲೀಪನಿಗೆ ಹೇಳಿದಳು. ಅಂಗಡಿಯ ಹಿಂದೆ ಹೋಗಿ, ನೀರಿನೊಳಗೆ ಮಾತಿಗೆ ಬದಲು ಬಳಸುವ ಬಿಳಿ ಪ್ಲಾಸ್ಟಿಕ್ ಸ್ಲೇಟನ್ನು ತೆಗೆದುಕೊಂಡು ಪೆನ್ಸಿಲಿನಲ್ಲಿ ಎರಡು ಸಾಲು ಬರೆದು, ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಳು.

ದೋಣಿಯಲ್ಲಿ ಪ್ರಶಾಂತ್ ಅವಳನ್ನು ಗುರುತಿಸಲಿಲ್ಲ. ಅವನು ಒಳ್ಳೆಯವನಂತೆಯೇ ಇದ್ದ. ದೋಣಿಯವರಿಗೆಲ್ಲ ಕಿತ್ತಳೆ ಹಂಚಿದ, ಹೆಂಡತಿಯ ಮಾಸ್ಕ್ ತಾನೇ ಸರಿಮಾಡಿದ. ಸುಕನ್ಯಾ ಕಳಸದವಳು ಎಂದು ಗೊತ್ತಾದಾಗ ಅವನ ಮುಖ ಅರಳಿತು.

"ಹೌದಾ ಮಾರಾಯ್ತಿ! ನಮ್ಮ ಕಡೆಯವಳೇ. ಘಟ್ಟದ ಮೇಲಿನವರಿಗೆ ಈ ಉಪ್ಪುನೀರಿನ ಹುಚ್ಚು ಎಲ್ಲಿಂದ ಬಂತು?"

"ಹಾಗೇ ಬಂತು ಸಾರ್. ನೀವು ಈಜು ಎಲ್ಲಿ ಕಲಿತ್ರಿ?"

"ನಮ್ಮ ಎಸ್ಟೇಟ್ ಕೆರೆಯಲ್ಲೇ. ಆಮೇಲೆ ಒಬ್ಬ ಕುಡಿದು ಇಳಿದು ಸತ್ತ ನೋಡು, ಅಪ್ಪ ಸುತ್ತ ಬೇಲಿ ಹಾಕಿಸಿಬಿಟ್ರು."

"ಯಾರು ಸತ್ತಿದ್ದು?"

"ಕೆಲಸದ ಹುಡುಗ. ಗಿರೀಶನೋ ಗಿರಿಯಪ್ಪನೋ... ತುಂಬ ವರ್ಷ ಆಯ್ತು." ಅವನು ಕಿತ್ತಳೆಯ ಬೀಜವನ್ನು ಸಮುದ್ರಕ್ಕೆ ಉಗಿದ.

ಸುಕನ್ಯಾ ಅವನ ಮುಖವನ್ನೇ ನೋಡಿದಳು. ಮುಚ್ಚಿಡುತ್ತಿರುವವನ ಕಣ್ಣು ಅದಲ್ಲ. ಅವನು ಆ ಸುಳ್ಳನ್ನು ಎಷ್ಟು ಸಲ ಹೇಳಿದ್ದನೆಂದರೆ ಈಗ ಅದರೊಳಗೆ ಆರಾಮಾಗಿ ವಾಸವಾಗಿದ್ದ. ಅವನ ಮುಖದಲ್ಲಿ ಒಂದು ಚೂರು ಅಳುಕು ಕಂಡಿದ್ದರೆ ಸ್ಲೇಟು ಜೇಬಿನಲ್ಲೇ ಉಳಿಯುತ್ತಿತ್ತೇನೋ ಎಂದು ಅವಳು ಆಮೇಲೆ ತಾಯಿಯ ಹತ್ತಿರ ಹೇಳಿದಳು.

ಮೊದಲ ಇಳಿತ ಹವಳದ ಬಂಡೆಗೆ. ಶಾಲಿನಿಯನ್ನು ದಿಲೀಪ್ ಕೈಹಿಡಿದು ಕರೆದುಕೊಂಡು ಹೋದ, ಪ್ರಶಾಂತ್ ಸುಕನ್ಯಾಳ ಜೊತೆ. ನೀರು ತಿಳಿಯಾಗಿತ್ತು. ಹೂಕೋಸಿನಂತೆ ಉಬ್ಬಿದ ಹವಳ, ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳ, ಅದರ ಸಂದಿಯಲ್ಲಿ ಹಳದಿ ಚಿಟ್ಟೆಮೀನುಗಳ ಜೋಡಿ. ಗಿಳಿಮೀನೊಂದು ಬಂಡೆಯನ್ನು ಕಟಕಟ ಕಡಿಯುವ ಸದ್ದು ಕಿವಿಗೆ ಕೇಳುವಷ್ಟು ಮೌನ. ಒಂದು ಕಡಲಾಮೆ ಅವರ ಪಕ್ಕದಲ್ಲೇ ಸಾಗಿ ಹೋಯಿತು. ಪ್ರಶಾಂತ್ ಮಗುವಿನಂತೆ ಎರಡೂ ಕೈ ಅಲ್ಲಾಡಿಸಿ ಅವಳಿಗೆ ತೋರಿಸಿದ. ಸುಕನ್ಯಾ ಹೆಬ್ಬೆರಳು ತೋರುಬೆರಳು ಸೇರಿಸಿ ಎಲ್ಲ ಸರಿ ಎಂಬ ಸನ್ನೆ ಮಾಡಿದಳು. ಅಣ್ಣ ಬದುಕಿದ್ದರೆ ಅವನಿಗೆ ಇದನ್ನು ತೋರಿಸುತ್ತಿದ್ದೆ ಎಂದು ಆರು ವರ್ಷ ಪ್ರತಿ ಸಲವೂ ಅನ್ನಿಸಿದ್ದು ಅವತ್ತೂ ಅನ್ನಿಸಿತು. ಜೇಬಿನ ಸ್ಲೇಟನ್ನು ಮುಟ್ಟಿ ನೋಡಿಕೊಂಡಳು.

ಒಂದು ಗಂಟೆ ವಿಶ್ರಾಂತಿಯ ಮೇಲೆ ಹಡಗು. ಶಾಲಿನಿ ದೋಣಿಯಲ್ಲೇ ಉಳಿದಳು. ಹಡಗಿನ ಒಳಗೆ ಹೋಗಬಾರದು, ಹೊರಗಿನಿಂದಲೇ ನೋಡಬೇಕು ಎಂಬುದು ಕೇಂದ್ರದ ನಿಯಮ.

"ಸ್ವಲ್ಪ ಒಳಗೆ ಕರ್ಕೊಂಡು ಹೋಗ್ತೀಯಾ? ಯಾರಿಗೂ ಹೇಳಲ್ಲ," ಎಂದು ಪ್ರಶಾಂತ್ ನೀರಿಗೆ ಬೀಳುವ ಮೊದಲು ಪಿಸುಗುಟ್ಟಿದ.

"ಆಗಲಿ ಸಾರ್," ಎಂದಳು ಸುಕನ್ಯಾ.

ಹಗ್ಗ ಹಿಡಿದು ಇಳಿದರು. ಹಸಿರು ನೀರಿನಿಂದ ಹಡಗು ನಿಧಾನವಾಗಿ ಮೇಲೆದ್ದು ಬಂದಂತೆ ಕಂಡಿತು. ತುಕ್ಕು ಹಿಡಿದ ಕಂಬಿಗಳ ಮೇಲೆ ಚಿಪ್ಪುಗಳು, ಒಡೆದ ಕಿಟಕಿಯಲ್ಲಿ ಹಾವುಮೀನಿನ ತಲೆ. ಸರಕು ತುಂಬುತ್ತಿದ್ದ ದೊಡ್ಡ ಬಾಯಿಯ ಮೂಲಕ ಅವಳು ಮುಂದೆ, ಅವನು ಹಿಂದೆ ಒಳಗೆ ಹೋದರು. ಒಳಗೆ ಹಗಲಿಲ್ಲ. ಮೂಲೆಯವರೆಗೆ ಕರೆದುಕೊಂಡು ಹೋಗಿ ಸುಕನ್ಯಾ ಕಾಲಿಗೆ ಹಾಕಿದ್ದ ಈಜುರೆಕ್ಕೆಯನ್ನು ನೆಲಕ್ಕೆ ಎರಡು ಸಲ ಬಡಿದಳು. ವರ್ಷಗಟ್ಟಲೆ ಕೂತಿದ್ದ ಕೆಸರು ಎದ್ದಿತು. ಬಂದ ದಾರಿ ಮಾಯವಾಯಿತು.

ಅವನು ಅವಳ ತೋಳು ಹಿಡಿದುಕೊಂಡ. ಅವಳು ಟಾರ್ಚಿನ ಬೆಳಕಿನಲ್ಲಿ ಸ್ಲೇಟನ್ನು ಅವನ ಮಾಸ್ಕಿನ ಮುಂದೆ ಹಿಡಿದಳು.

ನಾನು ಗಿರಿಯ ತಂಗಿ.
ಇಂಜಿನ್ ಸ್ಟಾರ್ಟ್ ಮಾಡಿದ್ದು ಯಾರು?

ಅವನು ಓದಿದ. ಅವನ ಬಾಯಿಂದ ಗುಳ್ಳೆಗಳು ಒಮ್ಮೆಗೇ ನುಗ್ಗಿದವು. ತಲೆ ಅಡ್ಡ ಆಡಿಸಿದ. ತಿರುಗಿ ಹೋಗಲು ನೋಡಿದ, ಕಬ್ಬಿಣಕ್ಕೆ ಡಿಕ್ಕಿ ಹೊಡೆದ. ಸುಕನ್ಯಾ ಅವನ ಹಿಂದೆ ಬಂದು ಬೆನ್ನಿನ ಸಿಲಿಂಡರಿನ ಗಾಳಿಯ ತಿರುಪು ಹಿಡಿದಳು. ಬಲಕ್ಕೆ ತಿರುಗಿಸುತ್ತಾ ಹೋದಳು, ಅದು ತಿರುಗುವುದು ನಿಲ್ಲುವವರೆಗೂ.

ಮೂರು ಉಸಿರು ಸಿಕ್ಕಿತು ಅವನಿಗೆ. ನಾಲ್ಕನೆಯದು ಸಿಗಲಿಲ್ಲ.

ಎದುರಿಗೆ ಬಂದು ಅವಳು ಎಣಿಸಿದಳು. ಅವನ ಕಣ್ಣುಗಳು ಮಾಸ್ಕಿನೊಳಗೆ ಬೆಳ್ಳಗೆ ಅಗಲವಾದವು. ಗಂಟಲು ತೋರಿಸಿಕೊಂಡ, ಅವಳ ಭುಜ ಹಿಡಿದು ಜಗ್ಗಿದ, ಕಾಲು ಬಡಿದ. ಗಿರಿಯೂ ಹೀಗೆ ಬಡಿದಿರಬೇಕು, ಒಂದು ಕೈ ಪೈಪಿನೊಳಗಿಟ್ಟುಕೊಂಡು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ತನ್ನ ಸಿಲಿಂಡರಿನಲ್ಲಿ ತುರ್ತಿಗೆಂದಿರುವ ಎರಡನೆಯ ಉಸಿರು ನಳಿಕೆಯನ್ನು ಅವನ ಬಾಯಿಗೆ ತುರುಕಿದಳು. ಅವನು ಹಸಿದ ಕರು ಕೆಚ್ಚಲಿಗೆ ಬಿದ್ದಂತೆ ಎಳೆದುಕೊಂಡ.

ಈಗ ಅವನ ಉಸಿರು ಅವಳದ್ದು. ಅವನಿಗೂ ಅದು ಗೊತ್ತಾಯಿತು. ಅವಳು ಪೆನ್ಸಿಲ್ ಕೊಟ್ಟಳು.

ಅವನು 'ಸಾರಿ' ಎಂದು ಬರೆದ. ಅವಳು ಅದನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿ, ಪ್ರಶ್ನೆಯ ಮೇಲೆ ಬೆರಳಿಟ್ಟಳು.

'ನಾನು.'

ಅವಳು ಪೆನ್ಸಿಲ್ ಕಿತ್ತುಕೊಂಡು 'ಬಾಟಲಿ?' ಎಂದು ಬರೆದಳು.

'ಬಾಲರಾಜ್ ಇಟ್ಟ. ಅಪ್ಪ ಹೇಳಿದ್ದು.'

ಸುಕನ್ಯಾ ಸ್ಲೇಟನ್ನು ಜೇಬಿಗೆ ಹಾಕಿಕೊಂಡಳು. ಬೇಕಾದದ್ದು ಸಿಕ್ಕಿತ್ತು, ಆದರೂ ಕೈ ಆ ನಳಿಕೆಯ ಮೇಲೆಯೇ ಇತ್ತು. ಎಳೆದರೆ ಬರುತ್ತದೆ. ಒಂದೇ ಎಳೆತ. ದಾರಿ ತಪ್ಪಿದ, ಗಾಬರಿಯಾದ, ನಿಯಮ ಮೀರಿ ಒಳಗೆ ಹೋದ ಪ್ರವಾಸಿ. ಪತ್ರಿಕೆಯವರು ಒಳ್ಳೆಯ ಫೋಟೋ ಹಾಕುತ್ತಾರೆ. ಆಲ್ದೂರಿನ ಅಂಗಡಿಗಳು ಅರ್ಧ ದಿನ ಬಾಗಿಲು ಹಾಕುತ್ತವೆ. ಅಯ್ಯೋ ಪಾಪ ಎನ್ನುತ್ತಾರೆ. ಆ 'ಪಾಪ' ಎಂಬ ಮಾತು ಅವಳನ್ನು ತಡೆಯಿತು. ಇವನಿಗೆ ಅದು ಸಿಗಬಾರದು.

ಅವನ ಸಿಲಿಂಡರನ್ನು ಮತ್ತೆ ತೆರೆದಳು. ಗೋಡೆ ತಡವುತ್ತಾ ಹೊರಗೆ ತಂದಳು. ಮೇಲಕ್ಕೆ ಚಿಮ್ಮಲು ಹೊರಟವನನ್ನು ಜಾಕೆಟ್ಟಿನ ಪಟ್ಟಿ ಹಿಡಿದು ಜಗ್ಗಿ, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಿಸಿದಳು. ಒಮ್ಮೆಗೇ ಮೇಲೆ ಹೋದರೆ ಶ್ವಾಸಕೋಶ ಹರಿಯುತ್ತದೆ. ಅವನು ಅವಳಿಗೆ ಇಡಿಯಾಗಿ ಬೇಕಿತ್ತು.

ದೋಣಿ ಹತ್ತಿದವನೇ ಪ್ರಶಾಂತ್ ವಾಂತಿ ಮಾಡಿಕೊಂಡ. ಶಾಲಿನಿ ಬೆನ್ನು ಸವರಿದಳು.

"ಇವಳು... ನನ್ನ ಕೊಲ್ಲೋಕೆ ನೋಡಿದ್ಲು," ಎಂದು ಕೈ ತೋರಿಸಿದ. "ಗಾಳಿ ಬಂದ್ ಮಾಡಿದ್ಲು!"

ದಿಲೀಪ್ ಸುಕನ್ಯಾಳ ಕಡೆ ತಿರುಗಿದ. "ಸುಳ್ಳು ಅಂತ ಹೇಳು ಮಾರಾಯ್ತಿ."

"ನಿಜ," ಎಂದಳು ಸುಕನ್ಯಾ.

ಶಾಲಿನಿ ಗಂಡನನ್ನಲ್ಲ, ಸುಕನ್ಯಾಳನ್ನು ಕೇಳಿದಳು. "ಯಾಕೆ?"

ಸುಕನ್ಯಾ ಸ್ಲೇಟು ಕೊಟ್ಟಳು. ಶಾಲಿನಿ ಅದನ್ನು ಎರಡು ಸಲ ಓದಿ ವಾಪಸ್ ಕೊಟ್ಟಳು. ಒಂಬತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಅಕ್ಷರ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುಕನ್ಯಾ ಕೆರೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲರೂ ಕೇಳುವಂತೆ, ದನಿ ಏರಿಸದೆ ಹೇಳಿದಳು.

"ರೀ, ಇದು ಸುಳ್ಳಾ?" ಎಂದಳು ಶಾಲಿನಿ.

"ಕತ್ತು ಹಿಸುಕಿ ಬರೆಸಿಕೊಂಡಿದ್ದಾಳೆ ಕಣೇ!"

"ಬರೆಸಿಕೊಂಡಿದ್ದು ಹೇಗೆ ಅಂತ ಅಲ್ಲ ನಾನು ಕೇಳಿದ್ದು. ಸುಳ್ಳಾ ಅಂತ."

ಅವನು ಟವೆಲಿನಲ್ಲಿ ಮುಖ ಒರೆಸಿಕೊಳ್ಳತೊಡಗಿದ. ದಡ ಮುಟ್ಟುವವರೆಗೂ ಶಾಲಿನಿ ಅವನಿಂದ ದೂರ, ದೋಣಿಯ ಮೂತಿಯಲ್ಲಿ ಕೂತಿದ್ದಳು.

"ಕಂಪ್ಲೇಂಟ್ ಕೊಡಿ ಸಾರ್. ಯಾಕೆ ಮಾಡಿದ್ಲು ಅಂತ ಅವರು ಕೇಳ್ತಾರೆ. ಅದನ್ನೂ ಹೇಳಿ," ಎಂದಳು ಸುಕನ್ಯಾ ದಡದಲ್ಲಿ. ಅವನು ಕಂಪ್ಲೇಂಟ್ ಕೊಡದೆ ಕಾರು ಹತ್ತಿದ. ದಿಲೀಪ್ ಅವಳ ಗೈಡ್ ಕಾರ್ಡ್ ಇಸಿದುಕೊಂಡ. "ನೀನು ಪಟ್ಟದ್ದು ನನಗೆ ಅರ್ಥ ಆಗುತ್ತೆ. ಆದ್ರೆ ನಿನ್ನ ಕೈಗೆ ಇನ್ನೊಬ್ಬರ ಉಸಿರು ಕೊಡೋಕೆ ಇನ್ನು ನನ್ನಿಂದ ಆಗಲ್ಲ," ಎಂದ. ಅವನ ಮಾತು ಸರಿ ಎಂದೇ ಅವಳಿಗೂ ಅನ್ನಿಸಿತು. ಆರು ವರ್ಷದ ಬದುಕು ಒಂದು ಚೀಲದಲ್ಲಿ ಹಿಡಿಸಿತು.

ಕೊಟ್ಟಿಗೆಹಾರದಲ್ಲಿ ದೇವೀರಮ್ಮ ಮಗಳ ಕತೆಯನ್ನೆಲ್ಲ ಕಾವಲಿಯ ಮುಂದೆ ನಿಂತೇ ಕೇಳಿದಳು. ಕೊನೆಯಲ್ಲಿ ಕೇಳಿದ್ದು ಒಂದೇ.

"ಗಾಳಿ ಯಾಕೆ ವಾಪಸ್ ಕೊಟ್ಟೆ?"

"ಸತ್ತಿದ್ರೆ ಎಲ್ಲರೂ ಪಾಪ ಅಂತಿದ್ರು ಅಮ್ಮ."

ದೇವೀರಮ್ಮ ಒಂದು ದೋಸೆ ತೆಗೆದು ಮಡಿಸಿಟ್ಟಳು. "ಹೌದು," ಎಂದಳು ಆಮೇಲೆ. "ಈಗ ಮುಂದೇನು?"

ಮುಂದಿನದನ್ನು ಸುಕನ್ಯಾ ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದಳು. ಅವನು ಕೇಸ್ ಹಾಕುವುದಿಲ್ಲ, ಹಾಗಾಗಿ ತಾನೇ ಹಾಕಬೇಕು, ತನ್ನ ಮೇಲೆ. ಮರುದಿನ ಆಲ್ದೂರಿನ ಪೊಲೀಸ್ ಠಾಣೆಗೆ ಹೋಗಿ ನಾಲ್ಕು ಪುಟ ಬರೆದುಕೊಟ್ಟಳು. ಇಂಥ ದಿನ, ಇಂಥ ಕಡೆ, ಇಂಥವರ ಗಾಳಿಯನ್ನು ಬೇಕೆಂದೇ ಬಂದ್ ಮಾಡಿದೆ, ಕಾರಣ ಹೀಗಿದೆ, ದೋಣಿಯಲ್ಲಿದ್ದ ಸಾಕ್ಷಿಗಳು ಇವರು, ಪ್ರಶಾಂತ್ ಕೈಯಾರೆ ಬರೆದದ್ದು ಇದು. ಹೊಸದಾಗಿ ಬಂದಿದ್ದ ಎಸ್‌ಐ ಅರ್ಚನಾ ಎರಡು ಸಲ ಓದಿ ಕನ್ನಡಕ ತೆಗೆದರು.

"ಇದನ್ನ ಕೊಟ್ರೆ ಮೊದಲು ಒಳಗೆ ಹೋಗೋದು ನೀನು. ಗೊತ್ತಾ?"

"ಗೊತ್ತು ಮೇಡಂ. ಒಬ್ಬಳೇ ಹೋಗಲ್ಲ ಅನ್ನೋದಕ್ಕೇ ಕೊಡ್ತಿರೋದು."

"ಹೆದರಿಸಿ ಬರೆಸಿಕೊಂಡದ್ದು ಕೋರ್ಟಿನಲ್ಲಿ ನಿಲ್ಲಲ್ಲ ತಂಗಿ."

"ನಿಲ್ಲದೇ ಇರಲಿ. ನೀವು ಒಂದು ಸಲ ಎಸ್ಟೇಟಿಗೆ ಹೋಗಿ ಕೇಳಿ. ಇಷ್ಟು ವರ್ಷ ಯಾರೂ ಕೇಳೇ ಇಲ್ಲ."

ಅವಳ ಕೇಸು ಕರಾವಳಿಯ ಠಾಣೆಗೆ ಹೋಯಿತು, ಸುಕನ್ಯಾ ಹದಿನೆಂಟು ದಿನ ಜೈಲಿನಲ್ಲಿದ್ದಳು. ಅಷ್ಟರಲ್ಲಿ ಸುದ್ದಿ ಲೈನ್ ಮನೆಗಳಿಂದ ಪೇಟೆಗೆ, ಪೇಟೆಯಿಂದ ಬಸ್ಸುಗಳಿಗೆ ಹತ್ತಿತು. ಪುಟ್ಟಸ್ವಾಮಿಯವರ ಎಸ್ಟೇಟಿಗೆ ಕಾಫಿ ಹಣ್ಣು ಕುಯ್ಯಲು ಬರುತ್ತಿದ್ದ ಹೆಂಗಸರು ಆ ಕೆರೆಯ ಬ್ಲಾಕಿಗೆ ಕಾಲಿಡುವುದಿಲ್ಲ ಎಂದರು. ಶಾಲಿನಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ದೋಣಿಯಲ್ಲಿ ಕಂಡದ್ದು ಕೇಳಿದ್ದನ್ನೆಲ್ಲ ಪೊಲೀಸರಿಗೆ ಹೇಳಿದಳು. ಆದರೆ ಕೇಸಿಗೆ ಜೀವ ಬಂದದ್ದು ರೈಟರ್ ಬಾಲರಾಜನಿಂದ. ಕೆಲಸ ಬಿಟ್ಟು ಮಗಳ ಮನೆಯಲ್ಲಿದ್ದ ಮುದುಕ ತಾನಾಗಿಯೇ ಠಾಣೆಗೆ ಬಂದು, ಬಾಟಲಿ ಇಟ್ಟದ್ದು ತಾನು, ಇಂಜಿನ್ ಓಡಿದ್ದು ನಿಜ ಎಂದು ಹೇಳಿಕೆ ಕೊಟ್ಟ.

ಜಾಮೀನಿನ ಮೇಲೆ ಹೊರಬಂದ ಸುಕನ್ಯಾಳಿಗಾಗಿ ಅವನು ಕೊಟ್ಟಿಗೆಹಾರದ ಬಸ್‌ ಸ್ಟಾಪಿನಲ್ಲಿ ಕಾದು ನಿಂತಿದ್ದ.

"ನಿನ್ನ ಮೇಲೆ ನೀನೇ ಬರೆದುಕೊಟ್ಟೆ ಅಂತ ಕೇಳಿದೆ ಮಗ. ಆಮೇಲೆ ನನಗೆ ಕೂರೋಕಾಗಲಿಲ್ಲ."

"ಹನ್ನೊಂದು ವರ್ಷ ಚೆನ್ನಾಗಿ ಕೂತಿದ್ರಲ್ಲ ರೈಟ್ರೇ," ಎಂದಳು ಸುಕನ್ಯಾ, ನಡಿಗೆ ನಿಲ್ಲಿಸದೆ. ಅವನು ಕೈಮುಗಿದದ್ದನ್ನು ನೋಡಲು ಅವಳು ತಿರುಗಲಿಲ್ಲ.

ಈಗ ಎರಡು ಕೇಸು ನಡೆಯುತ್ತಿವೆ. ಕೆಳಗೆ ಕರಾವಳಿಯ ಕೋರ್ಟಿನಲ್ಲಿ ಸುಕನ್ಯಾ ಆರೋಪಿ, ಮೇಲೆ ಚಿಕ್ಕಮಗಳೂರಿನಲ್ಲಿ ಪ್ರಶಾಂತ್ ಮತ್ತು ಅವನ ಅಪ್ಪ. ಅವಳಿಗೆ ಶಿಕ್ಷೆ ಆಗಬಹುದು ಎಂದು ವಕೀಲರು ಹೇಳಿದ್ದಾರೆ. ಸಮುದ್ರಕ್ಕೆ ಇಳಿಯುವ ಕೆಲಸ ಇನ್ನು ಯಾರೂ ಕೊಡುವುದಿಲ್ಲ. ಕೆಲವು ದಿನ ಬೆಳಗಿನ ಜಾವ ಎದ್ದವಳಿಗೆ ಆ ಮಾಸ್ಕಿನೊಳಗಿನ ಬಿಳಿ ಕಣ್ಣುಗಳು ಕಾಣುತ್ತವೆ, ಅದು ಅವಳಿಗೆ ಹಿತವೂ ಅಲ್ಲ, ಪಶ್ಚಾತ್ತಾಪವೂ ಅಲ್ಲ. ಎದ್ದು ಅಕ್ಕಿ ರುಬ್ಬಲು ಹೋಗುತ್ತಾಳೆ.

ಕಳೆದ ತಿಂಗಳು ಪುಟ್ಟಸ್ವಾಮಿಯವರು ಹೋಟೆಲಿಗೆ ಬಂದರು. ಬೆಳಿಗ್ಗೆ ಎಂಟೂವರೆ, ಧರ್ಮಸ್ಥಳದ ಕಡೆಗೆ ಹೋಗುವವರಿಂದ ಮೇಜುಗಳೆಲ್ಲ ತುಂಬಿದ್ದವು. ಕೋಲೂರಿಕೊಂಡು ಒಂದು ಬೆಂಚಿನ ತುದಿಯಲ್ಲಿ ಕೂತರು.

"ದೇವೀರಮ್ಮ, ಸ್ವಲ್ಪ ಮಾತಾಡಬೇಕಿತ್ತು."

"ಕೂತ್ಕೊಳ್ಳಿ ಸಾಹುಕಾರ್ರೇ. ಇವರದ್ದೆಲ್ಲ ಆಗಲಿ."

ಅವರು ಕೂತರು. ದೇವೀರಮ್ಮ ಒಂದು ಮೇಜಿಗೆ ಹುಯ್ದಳು, ಇನ್ನೊಂದಕ್ಕೆ ಹುಯ್ದಳು. ಅವರ ಪಕ್ಕ ಕೂತವರು ತಿಂದು ಎದ್ದರು, ಬೇರೆಯವರು ಬಂದು ಕೂತರು, ಅವರೂ ತಿಂದು ಎದ್ದರು. ಸಾಹುಕಾರರ ಮುಂದೆ ಬಾಳೆಲೆ ಇರಲಿ, ನೀರಿನ ಲೋಟವೂ ಬರಲಿಲ್ಲ. ಪರಿಚಯದವರು ಕೆಲವರು ಅವರನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಹತ್ತೂವರೆ ಆಯಿತು.

"ದೇವೀರಮ್ಮ, ನನಗೂ ವಯಸ್ಸಾಯ್ತು," ಎಂದರು ಕೊನೆಗೆ. "ನನಗೂ ಇರೋದು ಒಬ್ಬನೇ ಮಗ."

ದೇವೀರಮ್ಮ ಅವರ ಕಡೆ ನೋಡಿದಳು. ಅವಳ ಪಕ್ಕದಲ್ಲಿ ಹಿಟ್ಟಿನ ದಬರಿ ಕಂಠಮಟ್ಟ ತುಂಬಿತ್ತು, ಅವರಿಗೂ ಕಾಣುವ ಹಾಗೆ.

"ಹಿಟ್ಟು ಮುಗೀತು ಸಾಹುಕಾರ್ರೇ," ಎಂದಳು.

ಅವರು ಕೋಲು ಹುಡುಕಿಕೊಂಡು ಎದ್ದರು. ಮೆಟ್ಟಿಲಿಳಿಯುವಾಗ ಸುಕನ್ಯಾ ಕೈಯಲ್ಲಿ ತಟ್ಟೆ ಹಿಡಿದು ಬದಿಗೆ ಸರಿದು ದಾರಿ ಬಿಟ್ಟಳು. ದೇವೀರಮ್ಮ ಕಾವಲಿಗೆ ಎಣ್ಣೆ ಸವರಿ ಮುಂದಿನ ದೋಸೆ ಹುಯ್ದಳು.